ಮಕ್ಕಳ ಬರಹ, ಮಕ್ಕಳ ಚಿತ್ರ: ಕೆಡಿಸದೆ ಕಾಣಿಸುವ ಕೆಲಸ

(ಪ್ರೌಢಶಾಲೆಗಳ ಕನ್ನಡ ಮತ್ತು ಚಿತ್ರಕಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1922ರಲ್ಲಿ ಮೈಸೂರಿನ ಒಬ್ಬ ಹೈಸ್ಕೂಲು ಹುಡುಗನ ಇಂಗ್ಲಿಷ್ ಕವಿತೆಗಳು ಒಂದು ಕಿರುಹೊತ್ತಗೆಯಾಗಿ ಅಚ್ಚಾದವು. ಹೆಸರು ‘ಬಿಗಿನರ್ಸ್ ಮ್ಯೂಸ್’. ಹುಡುಗನಿಗೆ ಆಗ ಹದಿನೇಳು. ಅವನ ಇಂಗ್ಲಿಷ್ ಕವಿತೆಗಳನ್ನು ನೋಡಿದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್, ನಿನ್ನ ಭಾಷೆಯಲ್ಲೇ ಬರೆ ಎಂಬ ಅರ್ಥದ ಮಾತು ಹೇಳಿದರು. ಆ ಹುಡುಗ ಕುವೆಂಪು. ಇಲ್ಲಿರುವ ಕನ್ನಡ ಮೇಷ್ಟ್ರುಗಳಿಗೆ ಈ ಕಥೆ ಹೊಸದಲ್ಲ. ಆದರೆ ಇವತ್ತಿನ ವಿಷಯಕ್ಕೆ ಬೇಕಾದ ಎರಡು ಸಂಗತಿ ಅದರೊಳಗಿವೆ. ಹುಡುಗನ ಕೆಲಸ ಇನ್ನೊಬ್ಬರ ಕೈಗೆ ಕೊಡುವಂಥ ರೂಪದಲ್ಲಿತ್ತು. ಕೈಗೆ ತೆಗೆದುಕೊಂಡವರು ಭೇಷ್ ಅಂತ ಬೆನ್ನು ತಟ್ಟಿ ಕಳಿಸದೆ, ನೋಡಿ, ಕೆಲಸಕ್ಕೆ ಬರುವ ಒಂದೇ ಒಂದು ಮಾತು ಹೇಳಿದರು.

ಹೈಸ್ಕೂಲು ಮಕ್ಕಳ ಬರಹ ಮತ್ತು ಚಿತ್ರವನ್ನು ಸಂಭ್ರಮಿಸುವುದು ಅಂದರೆ ಇವೆರಡನ್ನು ಒದಗಿಸುವುದು. ಶಾಲು, ಸ್ಮರಣಿಕೆ, ಫ್ಲೆಕ್ಸು ಇಲ್ಲದೆಯೂ ಅದು ಆಗುತ್ತದೆ. ಮಗುವಿನ ಕೆಲಸವನ್ನು ಕೆಡಿಸದೆ ಕಾಣಿಸಬೇಕು, ಕಂಡದ್ದನ್ನು ಯಾರಾದರೂ ಗಮನಕೊಟ್ಟು ನೋಡಬೇಕು. ಕೆಡಿಸದೆ ಅನ್ನುವ ಪದಕ್ಕೆ ಒತ್ತು ಕೊಟ್ಟು ಹೇಳುತ್ತಿದ್ದೇವೆ, ಯಾಕೆಂದರೆ ಹಾಳಾಗುವುದು ಹೆಚ್ಚಾಗಿ ನಮ್ಮ ಒಳ್ಳೆಯ ಮನಸ್ಸಿನ ಕೈಯಿಂದಲೇ.

ನಮ್ಮಲ್ಲಿ ಪ್ರತಿಭಾ ಕಾರಂಜಿ ಇದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಹತ್ತುತ್ತದೆ. 2015ರಿಂದ ಕೇಂದ್ರದ ಕಲಾ ಉತ್ಸವವೂ ನಡೆಯುತ್ತಿದೆ. ವೇದಿಕೆಗೆ ಹೆದರುವ ಮಕ್ಕಳಿಗೆ ಇವು ದೊಡ್ಡ ಉಪಕಾರ ಮಾಡಿವೆ. ಆದರೆ ಸ್ಪರ್ಧೆಯ ಸ್ವಭಾವವೇ ಬೇರೆ: ಕೊಟ್ಟ ಹೊತ್ತಿನಲ್ಲಿ ಬರೆಯಬೇಕು, ತೀರ್ಪು ಬಂದ ಮೇಲೆ ಹಾಳೆಯ ಕೆಲಸ ಮುಗಿಯಿತು. ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು, ಒಂದು ಚಿತ್ರದ ಎದುರು ಗೆಳತಿಯರು ಐದು ನಿಮಿಷ ನಿಲ್ಲುವುದು, ಹತ್ತು ವರ್ಷದ ಮೇಲೂ ಲೈಬ್ರರಿಯಲ್ಲಿ ಸಿಗುವುದು, ಇದಕ್ಕೆಲ್ಲ ಶಾಲೆಯೇ ಜಾಗ ಮಾಡಬೇಕು. ಹಾಗಾಗಿ ಇವತ್ತು ಎರಡೇ ಕೆಲಸಗಳ ಬಗ್ಗೆ ಹೇಳುತ್ತೇವೆ. ವರ್ಷಕ್ಕೊಂದು 32 ಪುಟದ, ಕೈಯಲ್ಲಿ ಹೊಲಿದ ಶಾಲಾ ಪತ್ರಿಕೆ. ಮತ್ತು ಶಾಲೆಯ ಪಡಸಾಲೆಯಲ್ಲಿ ಒಂದು ವಾರದ ಚಿತ್ರಪ್ರದರ್ಶನ. ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲದ ಶಾಲೆಗಳೂ ಇವೆ, ಅವರಿಗೂ ಆಗುವಂತೆಯೇ ಹೇಳುತ್ತೇವೆ.

ಮೊದಲು ಕಾಲ. ಜೂನ್ ತಿಂಗಳು ದಾಖಲಾತಿಯಲ್ಲಿ ಹೋಗುತ್ತದೆ. ಜುಲೈ, ಆಗಸ್ಟ್ ಬರೆಸುವ ಮತ್ತು ಬಿಡಿಸುವ ತಿಂಗಳು. ಸೆಪ್ಟೆಂಬರ್ ತಿದ್ದುವ, ಟೈಪ್ ಮಾಡುವ ತಿಂಗಳು. ದಸರಾ ರಜೆ ಮುಗಿಸಿ ಬಂದ ಮೇಲೆ ಅಚ್ಚು, ಹೊಲಿಗೆ. ನವೆಂಬರ್ ಒಂದಕ್ಕೋ ಹದಿನಾಲ್ಕಕ್ಕೋ ಬಿಡುಗಡೆ. ಡಿಸೆಂಬರ್ ದಾಟಿಸಿದರೆ ಹತ್ತನೇ ತರಗತಿಯ ಮಕ್ಕಳು ನಿಮಗೆ ಸಿಗುವುದಿಲ್ಲ, ಪೂರ್ವಸಿದ್ಧತಾ ಪರೀಕ್ಷೆಯ ಗಾಳಿ ಬೀಸಿರುತ್ತದೆ. ಅಚ್ಚು, ಪ್ರದರ್ಶನವನ್ನು ಮಳೆಗಾಲದ ಆಚೆಗೆ ಇಟ್ಟದ್ದಕ್ಕೂ ಕಾರಣವಿದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಕಾಗದ ತೇವ ಹೀರಿ ಅಲೆಅಲೆಯಾಗುತ್ತದೆ, ಜೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ, ತೂಗುಹಾಕಿದ ಚಿತ್ರ ಎರಡೇ ದಿನಕ್ಕೆ ಮುದುಡುತ್ತದೆ.

ಈಗ ಬರೆಸುವುದು. “ಪರಿಸರದ ಬಗ್ಗೆ ಕವನ ಬರೆದುಕೊಂಡು ಬನ್ನಿ” ಅಂದರೆ ಅರವತ್ತು ಮಕ್ಕಳಿಂದ ಒಂದೇ ಕವನ ಬರುತ್ತದೆ. ಹಸಿರು, ಉಸಿರು, ಕೊನೆಗೆ ಮರ ಬೆಳೆಸೋಣ ಅನ್ನುವ ಕರೆ. ಅದು ಮಕ್ಕಳ ಬಡತನವಲ್ಲ. ವಿಷಯ ಎಷ್ಟು ದೊಡ್ಡದೋ ಅಷ್ಟು ಬೇಗ ಮಗು ಕೇಳಿದ ಮಾತಿಗೆ ಜೋತುಬೀಳುತ್ತದೆ, ಭಾಷಣ ಮಾಡುವ ದೊಡ್ಡವರೂ ಹಾಗೆಯೇ. ವಿಷಯವನ್ನು ಕಿರಿದು ಮಾಡಿ. ನಿಮ್ಮ ಮನೆಯ ಬಾಗಿಲು ತೆರೆಯುವಾಗ ಯಾವ ಸದ್ದು? ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ನಿಲ್ದಾಣದಲ್ಲಿ ಯಾರು ಯಾರು ಇರುತ್ತಾರೆ? ಮನೆಯಲ್ಲಿ ಯಾರೂ ಎಸೆಯಲು ಬಿಡದ ಒಂದು ಹಳೆಯ ವಸ್ತು ಯಾವುದು? ಹತ್ತು ಸಾಲು, ಇಪ್ಪತ್ತೈದು ನಿಮಿಷ, ತರಗತಿಯಲ್ಲೇ. ಒಂದು ಕಟ್ಟುಪಾಡು ಹಾಕಿ: ‘ಬಾಳು’, ‘ಹೃದಯ’, ‘ಕನಸು’ ಈ ಮೂರು ಪದ ಬಳಸುವಂತಿಲ್ಲ. ಆ ಪದಗಳಲ್ಲಿ ಕೆಟ್ಟದ್ದೇನಿಲ್ಲ, ಆದರೆ ಅವು ಸಿಗದೆ ಹೋದಾಗ ಮಗು ಅಂಗಳದ ಕಡೆ, ಒಲೆಯ ಕಡೆ, ಅಜ್ಜಿಯ ಕೈಬೆರಳ ಕಡೆ ತಿರುಗುತ್ತದೆ.

ತರಗತಿಯಲ್ಲೇ ಬರೆಸಿ ಅಂದದ್ದಕ್ಕೆ ಇನ್ನೊಂದು ಕಾರಣ ನಕಲು. ಮನೆಗೆ ಕಳಿಸಿದರೆ ಫೋನಿನಿಂದ ಇಳಿಸಿದ ಕವನ ಬರುತ್ತದೆ, ಈಗಂತೂ ಯಂತ್ರವೇ ಬರೆದುಕೊಟ್ಟದ್ದೂ ಬರುತ್ತದೆ. ಅದನ್ನು ಪತ್ತೆ ಹಚ್ಚುವ ಪೊಲೀಸ್ ಕೆಲಸ ಮೇಷ್ಟ್ರಿಗೆ ಬೇಡ. ಮೊದಲ ಕರಡು ಶಾಲೆಯಲ್ಲಿ ಹುಟ್ಟಲಿ, ಕಾಟು-ಗೀಟು ಸಮೇತ ಒಂದು ಫೈಲಿನಲ್ಲಿ ಉಳಿಯಲಿ. ಎರಡನೇ ಕರಡಿಗೆ ಮೊದಲನೆಯದನ್ನು ಗುಂಡುಸೂಜಿಯಲ್ಲಿ ಚುಚ್ಚಿ ಕೊಡಬೇಕು ಅನ್ನುವ ಒಂದೇ ನಿಯಮ ಸಾಕು. ಈ ಕರಡುಗಳು ಮುಂದೆ ಪ್ರದರ್ಶನಕ್ಕೂ ಬೇಕಾಗುತ್ತವೆ.

ಚಿತ್ರದಲ್ಲಿಯೂ ಇದೇ ಕಥೆ. “ಪ್ರಕೃತಿ ಚಿತ್ರ” ಅಂದ ಕೂಡಲೇ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಬಾಗಿದ ತೆಂಗಿನ ಮರ, ಒಂದು ಹೊಳೆ. ಸಮುದ್ರದ ದಡದಲ್ಲೇ ಬೆಳೆದ ಮಗುವೂ, ಒಂದು ಗುಡ್ಡ ಕಾಣದ ಬಯಲುಸೀಮೆಯ ಮಗುವೂ ಇದನ್ನೇ ಬಿಡಿಸುತ್ತದೆ. ನೋಡಿ ಬಿಡಿಸುವ ಅಭ್ಯಾಸದಿಂದಲೇ ಇದು ಬಿಡುತ್ತದೆ. ಮೇಜಿನ ಮೇಲೆ ಮುಚ್ಚಳ ತೆರೆದ ಊಟದ ಡಬ್ಬಿ ಇಡಿ, ಇಲ್ಲವೇ ಸೈಕಲ್ಲನ್ನು ಒಳಗೆ ತಂದು ನಿಲ್ಲಿಸಿ ಸೀಟು ಮತ್ತು ಹಿಂದಿನ ಚಕ್ರ ಮಾತ್ರ ಬಿಡಿಸಿ ಅನ್ನಿ. ಎ4 ಹಾಳೆ, 4ಬಿ ಪೆನ್ಸಿಲ್, ಇಪ್ಪತ್ತು ನಿಮಿಷ, ರಬ್ಬರ್ ಇಲ್ಲ. ರಬ್ಬರ್ ಯಾಕಿಲ್ಲ ಅಂದರೆ, ಇದ್ದರೆ ಹದಿನೈದು ನಿಮಿಷ ಮೊದಲ ಗೆರೆಯನ್ನು ಅಳಿಸುವುದರಲ್ಲೇ ಹೋಗುತ್ತದೆ, ಹಾಳೆಯ ಮೈಯೂ ಎದ್ದುಹೋಗಿ ಮುಂದೆ ಬಣ್ಣ ಹಚ್ಚಿದಾಗ ಅಲ್ಲಿ ಕಲೆ ಕೂರುತ್ತದೆ. ಇಂಥ ನಾಲ್ಕು ಅಭ್ಯಾಸ ಆದ ಮೇಲೆ ವಿಷಯವನ್ನು ಅವರಿಗೇ ಬಿಡಿ. ಕ್ಯಾಲೆಂಡರ್ ಚಿತ್ರವನ್ನು ಚೌಕ ಹಾಕಿ ದೊಡ್ಡದು ಮಾಡುವುದು ಕೈಪಳಗಲು ಒಳ್ಳೆಯ ಅಭ್ಯಾಸವೇ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಮಾಡಿಕೊಳ್ಳಲಿ. ಆದರೆ ಪ್ರದರ್ಶನದ ಗೋಡೆಗೆ ಅದು ಬೇಡ.

ಆಯ್ಕೆಯ ಪ್ರಶ್ನೆ ಇಲ್ಲಿ ಬರುತ್ತದೆ. ಗೋಡೆಯ ಮೇಲೆ ಎಲ್ಲರೂ, ಪತ್ರಿಕೆಯೊಳಗೆ ಆಯ್ದವರು, ಇದು ನಮ್ಮ ಸಲಹೆ. ಗೋಡೆಗೆ ಪುಟಮಿತಿ ಇಲ್ಲ, ಹಾಗಾಗಿ ಕೆಲಸ ಕೊಟ್ಟ ಯಾವ ಮಗುವನ್ನೂ ಬಿಡುವ ಅಗತ್ಯವಿಲ್ಲ. ಪತ್ರಿಕೆಗೆ ಆರಿಸುವಾಗ ಹೆಸರು ಮುಚ್ಚಿ ಓದಬೇಕು. ಅಮೆರಿಕದಲ್ಲಿ ಹದಿಹರೆಯದವರ ಬರಹ ಮತ್ತು ಚಿತ್ರಗಳಿಗಾಗಿ 1923ರಿಂದ ನಡೆದುಬಂದಿರುವ ಸ್ಕೊಲಾಸ್ಟಿಕ್ ಪ್ರಶಸ್ತಿಯಲ್ಲಿ ತೀರ್ಪುಗಾರರಿಗೆ ಹೆಸರು ಕಾಣುವುದಿಲ್ಲ. ಅವರು ನೋಡುವುದು ಮೂರನ್ನು: ಹೊಸತನ, ಕೈಚಳಕ, ಮಗುವಿನದೇ ಆದ ದನಿ ಅಥವಾ ನೋಟ ಮೂಡಿದೆಯೇ ಅನ್ನುವುದು. ಕವಿ ಸಿಲ್ವಿಯಾ ಪ್ಲಾತ್, ಚಿತ್ರಕಾರ ಆಂಡಿ ವಾರ್ಹಾಲ್ ಶಾಲಾ ದಿನಗಳಲ್ಲಿ ಅದನ್ನು ಪಡೆದವರು. ನಮಗೆ ಬೇಕಾದದ್ದು ಅಲ್ಲಿನ ಪದಕ ಅಲ್ಲ, ಆ ಮುಚ್ಚಿದ ಹೆಸರು. ಚಿಕ್ಕ ಊರಿನ ಶಾಲೆಯಲ್ಲಿ ಯಾರ ಮಗ, ಯಾರ ಮಗಳು ಅನ್ನುವುದು ನಮಗರಿವಿಲ್ಲದೆ ಕಣ್ಣಿಗೆ ಅಡ್ಡ ಬರುತ್ತದೆ, ‘ಜಾಣ’ ಮತ್ತು ‘ದಡ್ಡ’ ಅನ್ನುವ ಹಣೆಪಟ್ಟಿ ಇನ್ನೂ ಹೆಚ್ಚು ಅಡ್ಡ ಬರುತ್ತದೆ. ಹೆಸರಿನ ಬದಲು ಒಂದು ಸಂಖ್ಯೆ ಹಾಕಿ, ಸಂಖ್ಯೆ-ಹೆಸರಿನ ಪಟ್ಟಿ ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ. ಎಂಟರಿಂದ ಇಬ್ಬರು, ಒಂಬತ್ತರಿಂದ ಮೂವರು, ಹತ್ತರಿಂದ ಇಬ್ಬರು, ಹೀಗೆ ಏಳು ಮಕ್ಕಳ ಸಂಪಾದಕ ಮಂಡಳಿ. ಶಿಕ್ಷಕರು ಇಬ್ಬರು ಜೊತೆಗಿರುತ್ತಾರೆ, ಆದರೆ ಎಲ್ಲ ಮಕ್ಕಳು ಮಾತಾಡಿದ ಮೇಲೆಯೇ ಬಾಯಿ ಬಿಡುತ್ತಾರೆ.

ತಿದ್ದುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಸಾಲು ಹೀಗೆ ಬಂದಿದೆ ಅಂದುಕೊಳ್ಳಿ: “ನಮ್ಮವ್ವ ಒಲಿ ಮುಂದ ಕುಂತಾಳ, ಬೆಂಕಿ ಆಕಿ ಮಾರಿ ಮ್ಯಾಲ ಆಡ್ತದ.” ಇದನ್ನು “ನನ್ನ ತಾಯಿಯು ಒಲೆಯ ಮುಂದೆ ಕುಳಿತಿದ್ದಾಳೆ, ಬೆಂಕಿಯ ಬೆಳಕು ಅವಳ ಮುಖದ ಮೇಲೆ ನರ್ತಿಸುತ್ತಿದೆ” ಅಂತ ‘ಶುದ್ಧ’ ಮಾಡಿದರೆ ಏನಾಯಿತು? ಅವ್ವ ಹೋದಳು. ‘ಆಡ್ತದ’ ಅನ್ನುವ ಚುರುಕು ಪದ ಹೋಗಿ ‘ನರ್ತಿಸುತ್ತಿದೆ’ ಅನ್ನುವ ಎರವಲು ಸೀರೆ ಬಂತು. ಹಾಗಂತ ಏನನ್ನೂ ಮುಟ್ಟಬಾರದು ಅಂತಲ್ಲ. ಅಲ್ಪಪ್ರಾಣ-ಮಹಾಪ್ರಾಣದ ತಪ್ಪು, ಬಿಟ್ಟುಹೋದ ಒತ್ತು, ‘ಹಾಲು’ ಹೋಗಿ ‘ಆಲು’ ಆದದ್ದು, ‘ಅರಸ’ ಹೋಗಿ ‘ಹರಸ’ ಆದದ್ದು, ಇವನ್ನು ತಿದ್ದಲೇಬೇಕು. ಅಚ್ಚಾದ ತಪ್ಪನ್ನು ಸಹಪಾಠಿಗಳು ವರ್ಷವಿಡೀ ಆಡಿಕೊಳ್ಳುತ್ತಾರೆ. ಆಡುಮಾತನ್ನು ಬೇಕೆಂದೇ ಬರೆದದ್ದೋ, ಗೊತ್ತಿಲ್ಲದೆ ಬಂದದ್ದೋ ಅನ್ನುವುದನ್ನು ಮಗುವಿಗೇ ಕೇಳಿ. ಒಂದು ಬರಹದೊಳಗೆ ಒಂದು ಕಡೆ ‘ಕುಂತಾಳ’, ಇನ್ನೊಂದು ಕಡೆ ‘ಕುಳಿತಿದ್ದಾಳೆ’ ಅಂತ ಇದ್ದರೆ, ಎರಡರಲ್ಲಿ ಯಾವುದು ಅನ್ನುವ ತೀರ್ಮಾನವೂ ಮಗುವಿನದೇ.

ಕೆಂಪು ಇಂಕು ಬೇಡ, ಪೆನ್ಸಿಲ್ ಸಾಕು. ಪ್ರತಿ ಬರಹಕ್ಕೆ ಅಂಚಿನಲ್ಲಿ ಎರಡೇ ಟಿಪ್ಪಣಿ. ಎದ್ದು ಕಾಣುವ ಒಂದು ಸಾಲಿನ ಕೆಳಗೆ ಗೆರೆ ಎಳೆದು ‘ಇದು ಕಾಣಿಸಿತು’ ಅನ್ನುವುದು. ಒಂದು ಪ್ರಶ್ನೆ ಕೇಳುವುದು: ‘ಆಗ ಅಜ್ಜ ಏನು ಹೇಳಿದರು?’ ಅಂಥದ್ದು. ಪ್ರಶ್ನೆ ಕೇಳಿದರೆ ಮಗು ಬರೆಯುತ್ತದೆ, ಸಲಹೆ ಕೊಟ್ಟರೆ ಒಪ್ಪಿಸುತ್ತದೆ. ಮಕ್ಕಳ ಕಥೆಗಳ ಕೊನೆಯಲ್ಲಿ ಬರುವ ‘ಈ ಕಥೆಯ ನೀತಿ’ ಅನ್ನುವ ಸಾಲನ್ನು ಮಾತ್ರ, ಒಪ್ಪಿಗೆ ಕೇಳಿ, ಧೈರ್ಯವಾಗಿ ತೆಗೆಯಿರಿ. ಹತ್ತರಲ್ಲಿ ಒಂಬತ್ತು ಕಥೆ ಅದಿಲ್ಲದೆ ಎದ್ದು ನಿಲ್ಲುತ್ತದೆ.

ಸಣ್ಣ ವಿಷಯವನ್ನು ಕೇಳಿದಾಗ ಮಕ್ಕಳು ನಿಜ ಬರೆಯುತ್ತಾರೆ, ಅದರ ಹೊಣೆಯೂ ನಮ್ಮದೇ. ಮನೆಯ ಜಗಳ, ಕುಡಿತ, ಸಾವು ಬರಹದಲ್ಲಿ ಬರುತ್ತವೆ. ಮಗು ಪ್ರಕಟಿಸಲು ಬಯಸಿದರೂ ಊರೆಲ್ಲ ಓದಿದ ಮೇಲೆ ಏನಾಗಬಹುದು ಅಂತ ಕೂತು ಮಾತಾಡಿ. ಕಾವ್ಯನಾಮ ಇಡಬಹುದು, ಕೆಲವು ವಿವರ ಬದಲಿಸಬಹುದು, ಅಥವಾ ಆ ಬರಹ ಫೈಲಿನಲ್ಲೇ ಇರಬಹುದು. ಮಗುವಿಗೆ ಯಾರಿಂದಲೋ ಹಿಂಸೆ ಆಗುತ್ತಿದೆ ಅನ್ನುವ ಸುಳಿವು ಸಿಕ್ಕರೆ ಅದು ಸಂಪಾದಕ ಮಂಡಳಿಯ ಕೈಗೆ ಹೋಗಲೇಬಾರದು. ಅದು ಸಾಹಿತ್ಯದ ವಿಷಯವೇ ಅಲ್ಲ, ಅವತ್ತೇ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಪತ್ರಿಕೆಯಲ್ಲಿ ಮಗುವಿನ ಹೆಸರು ಮತ್ತು ತರಗತಿ ಸಾಕು. ಫೋನ್ ನಂಬರು, ಮನೆ ವಿಳಾಸ ಹಾಕಬೇಡಿ.

ಇನ್ನು ಪುಟಕಟ್ಟು. ಎ4 ಹಾಳೆಯನ್ನು ಮಧ್ಯಕ್ಕೆ ಮಡಿಸಿದರೆ ನಾಲ್ಕು ಪುಟ, ಎಂಟು ಹಾಳೆಗೆ 32 ಪುಟ. ಆದ್ದರಿಂದ ಪುಟಸಂಖ್ಯೆ ಯಾವತ್ತೂ ನಾಲ್ಕರ ಮಗ್ಗಿಯಲ್ಲಿರಬೇಕು. 30 ಪುಟಕ್ಕೆ ನಿಂತರೆ ಎರಡು ಖಾಲಿ ಪುಟ ಉಳಿಯುತ್ತವೆ. ಹೆಸರಿನ ಪುಟ, ವಿವರದ ಪುಟ, ಪರಿವಿಡಿ, ಮಕ್ಕಳ ಸಂಪಾದಕೀಯ ಕಳೆದರೆ ನಿಮ್ಮ ಕೈಯಲ್ಲಿ 28 ಪುಟ. 12 ಪಾಯಿಂಟಿನ ಅಕ್ಷರದಲ್ಲಿ ಒಂದು ಪುಟಕ್ಕೆ ಸುಮಾರು 26 ಸಾಲು, ಹೆಚ್ಚುಕಡಿಮೆ 140 ಪದ. ಅಂದರೆ 600 ಪದದ ಕಥೆಗೆ ನಾಲ್ಕು ಪುಟಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಈ ಲೆಕ್ಕ ಮೊದಲೇ ಗೊತ್ತಿದ್ದರೆ ಕೊನೆಯ ದಿನ ಒಂದು ಮಗುವಿನ ಕಥೆಯ ಬಾಲ ಕತ್ತರಿಸುವ ಪಾಪ ತಪ್ಪುತ್ತದೆ.

ಕನ್ನಡದ ಅಚ್ಚಿಗೆ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ, ಎರಡೂ ತಾಗಿದರೆ ‘ಸ್ತ್ರೀ’ ಅನ್ನುವ ಪದದ ಕೆಳಗೆ ಏನಿದೆಯೆಂದೇ ಓದಲಾಗದು. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 18 ಪಾಯಿಂಟ್ ಇಡಿ. ಎಲ್ಲವನ್ನೂ ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಗೀಚುಗೀಚಾಗುತ್ತದೆ. ಪರಿವರ್ತಕದಲ್ಲಿ ಹಾಕಿ ಬದಲಿಸಿದರೂ ಅರ್ಕಾವೊತ್ತು ಇರುವ ಪದಗಳಲ್ಲಿ, ಇಂಗ್ಲಿಷ್ ಅಂಕಿಗಳಲ್ಲಿ ತಪ್ಪು ನುಸುಳುತ್ತದೆ, ಪ್ರತಿ ಪದ ಮತ್ತೆ ಓದಬೇಕಾಗುತ್ತದೆ. ಕವಿತೆಯ ಸಾಲನ್ನು ಮಗು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ. ಸಾಲು ಉದ್ದವಾಗಿ ಪುಟದಲ್ಲಿ ಹಿಡಿಯದಿದ್ದರೆ ಅಕ್ಷರವನ್ನು ಒಂದು ಪಾಯಿಂಟ್ ಕಿರಿದು ಮಾಡಿ, ಸಾಲನ್ನು ಮಾತ್ರ ತುಂಡರಿಸಬೇಡಿ. ಕಂಪ್ಯೂಟರ್ ಇಲ್ಲದ ಶಾಲೆ ಚಿಂತೆ ಮಾಡಬೇಕಿಲ್ಲ. ಮುತ್ತಿನಂಥ ಅಕ್ಷರದ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ, ಕೈಬರಹದ ಪ್ರತಿಯನ್ನೇ ಜೆರಾಕ್ಸ್ ಮಾಡಬಹುದು. ಕಪ್ಪು ಜೆಲ್ ಪೆನ್ನಿನಲ್ಲಿ ಬರೆಯಲಿ, ನೀಲಿ ಇಂಕು ಜೆರಾಕ್ಸಿನಲ್ಲಿ ಮಸುಕಾಗುತ್ತದೆ.

ಪತ್ರಿಕೆಯೊಳಗೆ ಹಾಕುವ ಚಿತ್ರಗಳಿಗೂ ಇದೇ ಎಚ್ಚರ. ಪೆನ್ಸಿಲಿನ ತೆಳು ನೆರಳು ಜೆರಾಕ್ಸ್ ಯಂತ್ರಕ್ಕೆ ಕಾಣುವುದೇ ಇಲ್ಲ, ಗಾಢವಾದದ್ದು ಕಪ್ಪು ಮುದ್ದೆಯಾಗುತ್ತದೆ. ಪತ್ರಿಕೆಗೆಂದೇ ಬಿಡಿಸುವ ಚಿತ್ರ ಕಪ್ಪು ಇಂಕಿನ ಗೆರೆಯಲ್ಲಿರಲಿ, ನೆರಳು ಬೇಕಿದ್ದರೆ ಅಡ್ಡಗೆರೆ ಅಥವಾ ಚುಕ್ಕಿ. ಬಣ್ಣದ ಚಿತ್ರವನ್ನು ಫೋನಿನಲ್ಲಿ ತೆಗೆಯುವುದಾದರೆ ಬಿಸಿಲಿಗೆ ತರಬೇಡಿ, ಬೆಳಿಗ್ಗೆ ಹತ್ತರ ಹೊತ್ತಿಗೆ ನೆರಳಿನ ವರಾಂಡ ಸರಿ. ಚಿತ್ರ ಗೋಡೆಗೆ ನೇರ ನಿಂತಿರಲಿ, ಫೋನು ಅದಕ್ಕೆ ಸಮಾನಾಂತರವಾಗಿರಲಿ, ಫ್ಲ್ಯಾಶ್ ಆರಿಸಿರಿ. ತೀರಾ ಹತ್ತಿರ ಹೋದರೆ ಹಾಳೆಯ ಅಂಚುಗಳು ಬಿಲ್ಲಿನಂತೆ ಬಾಗುತ್ತವೆ, ಎರಡು ಹೆಜ್ಜೆ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿ. ಆಯಿಲ್ ಪೇಸ್ಟಲ್, ಮೇಣದ ಕ್ರೇಯಾನ್ ಹೊಳೆಯುತ್ತವೆ. ಹೊಳಪು ಹೋಗುವವರೆಗೆ ಚಿತ್ರವನ್ನೇ ಸ್ವಲ್ಪ ತಿರುಗಿಸಬೇಕು.

ಮಾದರಿ ಪುಸ್ತಕ ಒಂದನ್ನು ಮೊದಲು ಮಾಡಿಕೊಳ್ಳಿ. ಎಂಟು ಖಾಲಿ ಹಾಳೆ ಮಡಿಸಿ ಒಂದರೊಳಗೊಂದು ಸೇರಿಸಿ, 1ರಿಂದ 32ರವರೆಗೆ ಪುಟಸಂಖ್ಯೆ ಬರೆದು, ಬಿಡಿಸಿ ನೋಡಿ. ಮೊದಲ ಹಾಳೆಯ ಹೊರಬದಿಯಲ್ಲಿ 32 ಮತ್ತು 1, ಒಳಬದಿಯಲ್ಲಿ 2 ಮತ್ತು 31. ಯಾವ ಬದಿ ನೋಡಿದರೂ ಎರಡು ಸಂಖ್ಯೆಗಳ ಮೊತ್ತ 33. ಮೊತ್ತ 33 ಬರದಿದ್ದರೆ ಪುಟ ತಪ್ಪಿದೆ. ಈ ಒಂದು ಗುಟ್ಟು ತಿಳಿದರೆ ಒಂಬತ್ತನೇ ತರಗತಿಯ ಮಕ್ಕಳೇ ಎಲ್ಲವನ್ನೂ ಸರಿನೋಡುತ್ತಾರೆ. ಎರಡೂ ಬದಿ ಮುದ್ರಿಸುವಾಗ ಹಾಳೆಯ ಗಿಡ್ಡ ಅಂಚಿನ ಮೇಲೆ ತಿರುಗುವಂತೆ ಯಂತ್ರಕ್ಕೆ ಹೇಳಬೇಕು. ಉದ್ದ ಅಂಚಿನ ಮೇಲೆ ತಿರುಗಿಸಿದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಅತಿ ಹೆಚ್ಚು ಕಾಗದ ಹಾಳಾಗುವುದು ಇದೊಂದರಿಂದ, ಆದ್ದರಿಂದ ಮೊದಲು ಒಂದೇ ಪ್ರತಿ ಹೊರಡಿಸಿ, ಮಡಿಸಿ ನೋಡಿ, ಆಮೇಲೆ ಉಳಿದದ್ದು. ಐವತ್ತು ಪ್ರತಿಗೆ 400 ಹಾಳೆ, 800 ಬದಿ. ಒಂದು ರೀಮಿನಲ್ಲಿ 500 ಹಾಳೆ ಇರುವುದರಿಂದ ತಪ್ಪಿಗೆ ನೂರು ಹಾಳೆ ಉಳಿಯುತ್ತದೆ.

ಮಾಮೂಲಿ ಸ್ಟೇಪ್ಲರಿನ ಬಾಯಿ ಮಡಿಕೆಯವರೆಗೆ ತಲುಪುವುದಿಲ್ಲ. ತಲುಪಿದರೂ ತೇವದ ಊರುಗಳಲ್ಲಿ ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಹೊಲಿಯುವುದೇ ಸರಿ. ಮಡಿಕೆಯ ಉದ್ದ 210 ಮಿಲಿಮೀಟರ್. ನಡುವಿನ ತೂತು 105ಕ್ಕೆ, ಇನ್ನೆರಡು 35 ಮತ್ತು 175ಕ್ಕೆ. ರಟ್ಟಿನ ಪಟ್ಟಿಯಲ್ಲಿ ಈ ಮೂರು ಗುರುತು ಮಾಡಿಟ್ಟುಕೊಂಡರೆ ಪ್ರತಿ ಸಲ ಅಳೆಯಬೇಕಿಲ್ಲ. ಒಳಗಿನಿಂದ ಹೊರಕ್ಕೆ ದಬ್ಬಳದಿಂದ ಚುಚ್ಚಿ. ಹೊರಗಿನಿಂದ ಚುಚ್ಚಿದರೆ ತೂತು ಮಡಿಕೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. 55 ಸೆಂಟಿಮೀಟರ್ ದಪ್ಪ ನೂಲು, ಮೇಣದಬತ್ತಿಗೆ ಒಮ್ಮೆ ಉಜ್ಜಿ. ನಡುವಿನ ತೂತಿನಿಂದ ಸೂಜಿ ಹೊರಕ್ಕೆ ಬರಲಿ, ಮೇಲಿನ ತೂತಿನಿಂದ ಒಳಕ್ಕೆ, ಒಳಗೆ ನಡುವನ್ನು ದಾಟಿಕೊಂಡು ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡುವಿನ ತೂತಿನಿಂದ ಒಳಕ್ಕೆ. ಈಗ ಎರಡೂ ತುದಿ ಒಳಗಿವೆ. ಒಳಗಿನ ಉದ್ದ ನೂಲಿನ ಆಚೆಗೊಂದು ಈಚೆಗೊಂದು ತುದಿ ತಂದು ಗಂಟು ಹಾಕಿ. ನೂಲನ್ನು ಪುಟದ ಕಡೆಗೆ ಜಗ್ಗಿದರೆ ತೂತು ಹರಿಯುತ್ತದೆ, ಮಡಿಕೆಯ ಉದ್ದಕ್ಕೆ ಎಳೆಯಬೇಕು. ಒಳಗಿನ ಹಾಳೆಗಳು ಹೊರಗಿನವಕ್ಕಿಂತ ಒಂದೆರಡು ಮಿಲಿಮೀಟರ್ ಚಾಚಿಕೊಳ್ಳುವುದು ಸಹಜ. ಉಕ್ಕಿನ ಸ್ಕೇಲು ಹಿಡಿದು ಕಟ್ಟರ್ ಬ್ಲೇಡಿನಿಂದ ಹಗುರವಾಗಿ ಆರೇಳು ಸಲ ಎಳೆದು ಸಮ ಮಾಡಿ. ಈ ಕೆಲಸ ಶಿಕ್ಷಕರದು.

ಮುಖಪುಟವನ್ನು ಮಕ್ಕಳೇ ಅಚ್ಚು ಹಾಕಿದರೆ ಐವತ್ತು ಪ್ರತಿಗೂ ಐವತ್ತು ಮೂಲ ಮುಖಪುಟ. ಲಿನೋ ಅಂದರೆ ಕೆತ್ತಿ, ಇಂಕು ಹಚ್ಚಿ, ಮೇಲೆ ಕಾಗದ ಇಟ್ಟು ಅಚ್ಚೊತ್ತುವ ಮೆದು ಹಾಳೆ. ಅದರ ತುಂಡು 10×12 ಸೆಂಟಿಮೀಟರ್ ಸಾಕು. ಬಿಸಿಲಿಗೆ ಹತ್ತು ನಿಮಿಷ ಇಟ್ಟರೆ ಮೆತ್ತಗಾಗಿ ಉಳಿ ಸಲೀಸಾಗಿ ಓಡುತ್ತದೆ. ಕೆತ್ತುವ ಉಳಿಯ ದಾರಿಯಲ್ಲಿ ಇನ್ನೊಂದು ಕೈ ಬರಲೇಬಾರದು, ಗಾಯಗಳೆಲ್ಲ ಆಗುವುದು ಅಲ್ಲಿಯೇ. ಪತ್ರಿಕೆಯ ಹೆಸರನ್ನು ನೇರವಾಗಿ ಕೆತ್ತಿದರೆ ಅಚ್ಚಿನಲ್ಲಿ ಕನ್ನಡಿಯ ಬಿಂಬದಂತೆ ತಿರುಗಿ ಬರುತ್ತದೆ. ಬಟರ್ ಪೇಪರಿನ ಮೇಲೆ 4ಬಿ ಪೆನ್ಸಿಲಿನಲ್ಲಿ ಸರಿಯಾಗಿ ಬರೆದು, ಬರೆದ ಮುಖವನ್ನೇ ಲಿನೋ ಮೇಲೆ ಬೋರಲು ಹಾಕಿ ಬೆನ್ನನ್ನು ಉಜ್ಜಿದರೆ ಅಕ್ಷರ ತಾನಾಗಿಯೇ ತಿರುವುಮುರುವಾಗಿ ಇಳಿಯುತ್ತದೆ. ಗೆರೆ ಎರಡು ಮಿಲಿಮೀಟರಿಗಿಂತ ತೆಳುವಾದರೆ ಕೆತ್ತುವಾಗ ಮುರಿಯುತ್ತದೆ, ಹಾಗಾಗಿ ಒತ್ತಕ್ಷರ ಕಡಿಮೆ ಇರುವ ಹೆಸರು ಅನುಕೂಲ. ಲಿನೋ ಇಂಕು ಸಿಗದೆ ಪೋಸ್ಟರ್ ಕಲರ್ ಬಳಸುವುದಾದರೆ ಕೆಲವು ಹನಿ ಗ್ಲಿಸರಿನ್ ಬೆರೆಸಿ, ಇಲ್ಲದಿದ್ದರೆ ಕಾಗದ ಇಡುವಷ್ಟರಲ್ಲಿ ಒಣಗಿರುತ್ತದೆ. ಕಾಗದದ ಬೆನ್ನನ್ನು ಸ್ಟೀಲ್ ಚಮಚದ ಉಬ್ಬಿನಿಂದ ಒಂದು ನಿಮಿಷ ಉಜ್ಜಿ. ಮುಖಪುಟದ ದಪ್ಪ ಹಾಳೆಯನ್ನು ಮಡಿಸುವ ಮುಂಚೆ ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ. ಹಾಗೇ ಮಡಿಸಿದರೆ ಬೆನ್ನು ಬಿರಿಯುತ್ತದೆ, ಅಲ್ಲಿ ಬಣ್ಣವಿದ್ದರೆ ಬಿಳಿ ಬಿರುಕು ಕಾಣುತ್ತದೆ.

ಪ್ರದರ್ಶನಕ್ಕೆ ಬರೋಣ. ನಮ್ಮ ಶಾಲೆಗಳ ಗೋಡೆಗೆ ಸುಣ್ಣ ಅಥವಾ ಡಿಸ್ಟೆಂಪರ್ ಬಳಿದಿರುತ್ತದೆ. ಅಂಟುಪಟ್ಟಿಗೆ ಸುಣ್ಣದ ಪುಡಿ ಹತ್ತಿ ಮಧ್ಯಾಹ್ನದೊಳಗೆ ಚಿತ್ರ ನೆಲದಲ್ಲಿ. ಮೈದಾ ಅಂಟು ಇನ್ನೂ ಕೆಟ್ಟದ್ದು, ನೀರು ಹೀರಿದ ಹಾಳೆ ಸುಕ್ಕಾಗುತ್ತದೆ, ಜಿರಲೆಗೂ ಹಬ್ಬ. ಚಿತ್ರದ ಮೇಲ್ಮೈಗೆ ಸೆಲೋಟೇಪ್ ಹಾಕಿದರೆ ಕೀಳುವಾಗ ಬಣ್ಣವೂ ಬರುತ್ತದೆ. ತಂತಿ ಮತ್ತು ಕ್ಲಿಪ್ಪೇ ಒಳ್ಳೆಯದು. ಸಣಬಿನ ದಾರ ಭಾರಕ್ಕೆ ಜೋಲುತ್ತದೆ, ಕಟ್ಟಡ ಕೆಲಸದ ಬೈಂಡಿಂಗ್ ವೈರ್ ಬಿಗಿಯಾಗಿ ನಿಲ್ಲುತ್ತದೆ, ಎರಡು ಮೀಟರಿಗೊಂದು ಮೊಳೆಯ ಆಸರೆ ಕೊಡಿ. ಎ4 ಚಿತ್ರಗಳಾದರೆ ಎರಡು ಸಾಲು: ಮೇಲಿನ ತಂತಿ ನೆಲದಿಂದ 173 ಸೆಂಟಿಮೀಟರಿಗೆ, ಕೆಳಗಿನದು 137ಕ್ಕೆ. ಆಗ ಎರಡು ಸಾಲಿನ ನಡುಮಧ್ಯ 140ಕ್ಕೆ ಬರುತ್ತದೆ, ಅದು ಹೈಸ್ಕೂಲು ಮಕ್ಕಳ ಕಣ್ಣಿನ ಮಟ್ಟ. ದೊಡ್ಡವರು ತಮ್ಮ ಎತ್ತರಕ್ಕೆ ಕಟ್ಟಿಬಿಡುತ್ತಾರೆ, ಎಂಟನೇ ತರಗತಿಯ ಮಗು ಕತ್ತೆತ್ತಿ ನೋಡಿ ಸುಮ್ಮನೆ ಮುಂದೆ ಹೋಗುತ್ತದೆ. ಚಿತ್ರದಿಂದ ಚಿತ್ರಕ್ಕೆ ಎಂಟು ಸೆಂಟಿಮೀಟರ್ ಬಿಟ್ಟರೆ 120 ಚಿತ್ರಗಳಿಗೆ ಎರಡು ಸಾಲಿನಲ್ಲಿ ಸುಮಾರು 17.5 ಮೀಟರ್ ಗೋಡೆ ಸಾಕು, ಮೂರು ಕೋಣೆಗಳ ಪಡಸಾಲೆ. ಕ್ಲಿಪ್ ಕಚ್ಚುವ ಜಾಗಕ್ಕೆ ಸಣ್ಣ ಕಾಗದದ ಮಡಿಕೆ ಇಡಿ. ಗಾಳಿ ಬರುವ ಕಡೆ ಹಾಳೆಯ ಕೆಳಗೂ ಎರಡು ಕ್ಲಿಪ್. ಪಶ್ಚಿಮದ ಬಿಸಿಲು ಬೀಳುವ ಪಡಸಾಲೆ ಬೇಡ, ಸ್ಕೆಚ್ ಪೆನ್ನಿನ ಬಣ್ಣ ಒಂದೇ ವಾರದಲ್ಲಿ ಮಂಕಾಗುತ್ತದೆ.

ಮಕ್ಕಳ ಕವಿತೆಗಳೂ ಅದೇ ತಂತಿಯಲ್ಲಿ, ಚಿತ್ರಗಳ ನಡುನಡುವೆ ತೂಗಲಿ. ಅಂತಿಮ ಪ್ರತಿಯ ಪಕ್ಕದಲ್ಲಿ ಆ ಕಾಟು-ಗೀಟಿನ ಕರಡನ್ನೂ ಹಾಕಿ. ಒಂದು ಸಾಲು ಮೂರು ಸಲ ಬದಲಾದದ್ದು ಕಂಡರೆ, ‘ನನಗೆ ಬರೆಯಲು ಬರುವುದಿಲ್ಲ’ ಅನ್ನುವ ಮಗು ಅಲ್ಲಿ ನಿಂತು ಓದುತ್ತದೆ.

ಚೀಟಿಯಲ್ಲಿ ಮಗುವಿನ ಹೆಸರು, ತರಗತಿ, ಮಗುವೇ ಕೊಟ್ಟ ಶೀರ್ಷಿಕೆ, ಬಳಸಿದ ಬಣ್ಣ, ಬಿಡಿಸಿದ ತಿಂಗಳು. ಹೆಸರನ್ನು ಹಾಜರಿ ಪುಸ್ತಕಕ್ಕೆ ಹೋಲಿಸಿ ನೋಡಿ, ಆಮೇಲೆ ಮಗುವಿಗೇ ತೋರಿಸಿ. ನೂರು ಜನ ನೋಡುವ ಕಡೆ ಹೆಸರು ತಪ್ಪಿದರೆ ಆ ಮಗುವಿನ ಪಾಲಿಗೆ ಇಡೀ ಪ್ರದರ್ಶನವೇ ತಪ್ಪಿದಂತೆ. ‘ಶೀರ್ಷಿಕೆ ಇಲ್ಲ’ ಅಂತ ಮಗು ಹೇಳಿದರೆ ಹಾಗೇ ಬರೆಯಿರಿ, ನಾವು ‘ಗ್ರಾಮೀಣ ಸೊಬಗು’ ಅಂತ ಸೇರಿಸಬಾರದು. ಗೋಡೆಯ ಮೇಲೆ ಪ್ರಥಮ, ದ್ವಿತೀಯ ಅನ್ನುವ ಚೀಟಿ ಬೇಡ. ಅದು ಅಂಟಿದ ಕ್ಷಣದಿಂದ ಎಲ್ಲರೂ ಮೂರೇ ಚಿತ್ರ ನೋಡುತ್ತಾರೆ.

ಬಿಡುಗಡೆಯ ದಿನ ಹನ್ನೆರಡು ಮಕ್ಕಳು ಓದಲಿ, ತಲಾ ಎರಡು ನಿಮಿಷ. ಎದ್ದು ಬಂದು, ಮೈಕಿನ ಎತ್ತರ ಸರಿಮಾಡಿ, ಹೋಗುವುದನ್ನೆಲ್ಲ ಸೇರಿಸಿ ನಲವತ್ತು ನಿಮಿಷ. ಹಿಂದಿನ ದಿನ ಅದೇ ಮೈಕಿನಲ್ಲಿ ಒಮ್ಮೆ ಓದಿಸಿ. ಮಕ್ಕಳು ಕಂಠಪಾಠ ಒಪ್ಪಿಸುವ ರಾಗದಲ್ಲಿ ಓಡುತ್ತಾರೆ, ಪ್ರತಿ ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವ ಗುರುತು ಹಾಕಿಕೊಟ್ಟರೆ ನಿಧಾನವಾಗುತ್ತದೆ. ಅತಿಥಿಗಳನ್ನು ಕರೆದರೆ ಪತ್ರಿಕೆಯನ್ನು ಒಂದು ವಾರ ಮುಂಚೆಯೇ ಅವರ ಕೈಗೆ ಕೊಟ್ಟು, ಮೂರು ಬರಹಗಳ ಬಗ್ಗೆ ಹೆಸರು ಹಿಡಿದು ಮಾತಾಡಿ ಅಂತ ವಿನಂತಿಸಿ. ಮೊದಲ ಪ್ರತಿ ಅತಿಥಿಗಲ್ಲ, ಬರೆದವರಿಗೆ. ಓದು ಬಾರದ ಅಪ್ಪ ಅಮ್ಮಂದಿರು ಬಂದಿದ್ದರೆ ಅವರ ಮಗುವನ್ನೇ ಪಕ್ಕದಲ್ಲಿ ನಿಲ್ಲಿಸಿ, ಗೋಡೆಯ ಮೇಲಿನ ಕವಿತೆ ಓದಿ ಹೇಳಲಿ. ಅದಕ್ಕೆ ಮೈಕು ಬೇಡ.

ಎಲ್ಲ ಮುಗಿದ ಮೇಲೆ ಚಿತ್ರಗಳನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆಯಬೇಡಿ. ಪೋಸ್ಟರ್ ಕಲರ್ ದಪ್ಪಗಿದ್ದಲ್ಲಿ ಬಿರಿಯುತ್ತದೆ, ಆಯಿಲ್ ಪೇಸ್ಟಲ್ ಪಕ್ಕದ ಹಾಳೆಗೆ ಅಂಟುತ್ತದೆ. ಎರಡು ರಟ್ಟುಗಳ ನಡುವೆ ಚಪ್ಪಟೆಯಾಗಿ, ಮಧ್ಯೆ ಬಟರ್ ಪೇಪರ್ ಹಾಕಿಟ್ಟು, ಒಂದು ವಾರದೊಳಗೆ ಅವರವರಿಗೆ ಹಿಂದಿರುಗಿಸಿ. ಚಿತ್ರ ಮಗುವಿನದು, ಶಾಲೆಗೆ ಬೇಕಿದ್ದರೆ ಕೇಳಿ ಪಡೆಯಬೇಕು. ಪತ್ರಿಕೆಯ ಎರಡು ಪ್ರತಿಗಳಿಗೆ ಬೇರೆಲ್ಲ ಪುಸ್ತಕದಂತೆಯೇ ಲೈಬ್ರರಿಯ ದಾಖಲೆ ಸಂಖ್ಯೆ ಹಾಕಿಸಿ, ಕಥೆ-ಕವಿತೆಗಳ ಕಪಾಟಿನಲ್ಲೇ ಇಡಿ. ಉಳಿದದ್ದು ಒಂದು ರಟ್ಟಿನ ಪೆಟ್ಟಿಗೆಗೆ: ದಬ್ಬಳ, ಎರಡು ಸೂಜಿ, ಮಿಕ್ಕ ನೂಲು, ಮೂರು ತೂತಿನ ರಟ್ಟಿನ ಪಟ್ಟಿ, ಲಿನೋ ಉಳಿ, ಬೈಂಡಿಂಗ್ ವೈರಿನ ಸುರುಳಿ, ಎಣಿಸಿಟ್ಟ ಕ್ಲಿಪ್ಪುಗಳು, 1ರಿಂದ 32ರವರೆಗೆ ಬರೆದ ಆ ಮಾದರಿ ಪುಸ್ತಕ. ಜೊತೆಗೆ ಈ ವರ್ಷ ಎಲ್ಲೆಲ್ಲಿ ತಪ್ಪಾಯಿತು ಅಂತ ಸಂಪಾದಕ ಮಂಡಳಿಯ ಹತ್ತನೇ ತರಗತಿಯ ಇಬ್ಬರು ತಮ್ಮ ಕೈಯಾರೆ ಬರೆದ ಒಂದು ಹಾಳೆ. ಫೆಬ್ರವರಿಯಲ್ಲಿ ಅವರು ಶಾಲೆ ಬಿಡುವ ಮುಂಚೆ ಆ ಪೆಟ್ಟಿಗೆಯನ್ನು ಒಂಬತ್ತನೆಯವರ ಮುಂದೆ ತೆರೆದು, ಒಂದು ಪುಸ್ತಕ ಹೊಲಿದು ತೋರಿಸಿ, ಕೈಗೆ ಕೊಟ್ಟು ಹೋಗಲಿ.